ಬಲಗಿವಿಯ ಸ್ಪೀಕರ್

ನನಗೆ ಕಿವಿ ಕೇಳಿಸುವುದಿಲ್ಲ ಎಂದು ನಮ್ಮ ಮನೆಯಲ್ಲಿ ತೀರ್ಮಾನವಾದಾಗ ನಾನು ಸಂತೆಕಲ್ಲೂರಿನ ಹೊಲದಲ್ಲಿದ್ದೆ. ಮಸ್ಕಿಗೆ ಮರಳಿ, ಸ್ಕೂಟರನ್ನು ಕಟ್ಟೆಯ ಪಕ್ಕ ನಿಲ್ಲಿಸಿ, ಒಳಗೆ ಹೋಗಿ ನೀರು ಕುಡಿದು ಬರುವಷ್ಟರಲ್ಲಿ ಮಗ ಶಿವಪ್ರಸಾದ ಅದರ ಕೀಲಿಯನ್ನು ತೆಗೆದು ತನ್ನ ಆಫೀಸ್ ಬ್ಯಾಗಿಗೆ ಹಾಕಿಕೊಂಡಿದ್ದ.

“ಅಪ್ಪಾ, ಇನ್ನ ಮ್ಯಾಗ ಗಾಡಿ ಹೊಡಿಬ್ಯಾಡ್ರಿ.”

ಅವನು ಇದನ್ನು ಹೇಳಲಿಲ್ಲ, ಕೂಗಿದ. ಎದುರು ಮನೆಯ ಮೇಕೆ ತಲೆಯೆತ್ತಿ ನೋಡಿತು.

“ಯಾಕ?”

“ಕಿವಿ ಕೇಳಂಗಿಲ್ಲ ನಿಮಗ! ಹಿಂದ ಲಾರಿಯಾಂವ ಹಾರ್ನ್ ಹೊಡದ್ರ ಏನ್ ಮಾಡ್ತೀರಿ?”

“ಕೇಳಂಗಿಲ್ಲಂತ ಯಾರ್ ಹೇಳಿದ್ರು?”

“ಯಾರ್ ಯಾಕ ಹೇಳಬೇಕು? ಟಿವಿ ಮುಂದ ದಿನಾ ನೋಡಾಕತ್ತಿಲ್ಲೇನು ನಾವು?”

ನನ್ನ ಹೆಂಡತಿ ಬಸ್ಸಮ್ಮ ಬಾಗಿಲ ಹಿಂದೆ ನಿಂತಿದ್ದಳು. ನನ್ನ ಮುಖ ನೋಡದೆ ಸೆರಗಿನಿಂದ ಬಾಗಿಲ ಚೌಕಟ್ಟನ್ನು ಒರೆಸತೊಡಗಿದಳು. ಅವಳೂ ಈ ತೀರ್ಮಾನದಲ್ಲಿ ಪಾಲುದಾರಳು ಎಂಬುದು ಅದರಿಂದಲೇ ತಿಳಿಯಿತು.

ನನಗಾದ ಅನ್ಯಾಯ ಎಷ್ಟು ದೊಡ್ಡದೆಂದು ತಿಳಿಯಬೇಕಾದರೆ ನನ್ನ ಕಿವಿಗಳ ಬಗ್ಗೆ ಸ್ವಲ್ಪ ಹೇಳಬೇಕು. ಬಿಎಸ್ಸಿ ಮುಗಿಸಿ ನಾನು ಹಟ್ಟಿ ಚಿನ್ನದ ಗಣಿಯಲ್ಲಿ ಕೆಲಸಕ್ಕೆ ಸೇರಿದೆ. ಮೊದಲ ವರ್ಷಗಳಲ್ಲಿ ಅದಿರು ಪುಡಿ ಮಾಡುವ ಗಿರಣಿಯ ಬಾಯಲ್ಲಿ ನಿಂತು ಮಾದರಿ ತೆಗೆಯುವುದು ನನ್ನ ಕೆಲಸ. ಗಿರಣಿ ನನ್ನ ಎಡಕ್ಕಿತ್ತು. ಪ್ರಯೋಗಾಲಯಕ್ಕೆ ಬಡ್ತಿ ಸಿಗುವಷ್ಟರಲ್ಲಿ ಎಡಗಿವಿ ಹೋಗಿತ್ತು. ಬಲಗಿವಿ ಉಳಿಯಿತು. ಅದನ್ನು ನಾನು ಪ್ರಯೋಗಾಲಯದ ತಕ್ಕಡಿಯಷ್ಟೇ ಜೋಪಾನವಾಗಿ ಕಾಪಾಡಿಕೊಂಡು ಬಂದವನು.

ಹಟ್ಟಿಯ ಕಂಪನಿ ಮನೆಗಳಲ್ಲಿ ಇದೇನೂ ವಿಶೇಷವಲ್ಲ. ಅಲ್ಲಿ ಯಾರದಾದರೂ ಮನೆಗೆ ಹೋದರೆ ಕುಳಿತುಕೊಳ್ಳುವ ಮೊದಲು “ಯಾವ ಕಡೆ?” ಎಂದು ಕೇಳುವ ರೂಢಿ. ಮನೆಯ ಯಜಮಾನ ತನ್ನ ಕೇಳುವ ಕಿವಿಯ ಕಡೆ ಕೈ ತೋರಿಸುತ್ತಾನೆ, ಬಂದವರು ಆ ಬದಿಗೆ ಕುಳಿತು ಮಾತು ಶುರು ಮಾಡುತ್ತಾರೆ. ಅದರಲ್ಲಿ ಅವಮಾನವಿಲ್ಲ, ಸಂಕೋಚವೂ ಇಲ್ಲ. ಆದರೆ ಈ ರೂಢಿಯ ಇನ್ನೊಂದು ಮುಖವೂ ಇದೆ. ಕಿವಿ ಹೋಗುವುದನ್ನು ಅಷ್ಟು ಕಂಡವರಾದ್ದರಿಂದ, ನಿವೃತ್ತನಾದವನು ಒಂದು ಮಾತಿಗೆ ಓಗೊಡದಿದ್ದರೆ ಸಾಕು, ಕಾರಣ ಹುಡುಕುವ ಗೋಜಿಗೆ ಯಾರೂ ಹೋಗುವುದಿಲ್ಲ. ಬಸ್ಸಮ್ಮ ಆ ಕಾಲೊನಿಯಲ್ಲಿ ಸಂಸಾರ ಮಾಡಿದವಳು, ಶಿವಪ್ರಸಾದ ಅಲ್ಲಿಯೇ ಬೆಳೆದವನು. ಬೇರೆ ಊರಿನವರಾಗಿದ್ದರೆ ಮೊದಲು ವೈರನ್ನು ನೋಡುತ್ತಿದ್ದರೋ ಏನೋ. ಇವರು ನೇರ ನನ್ನ ಕಿವಿಗೇ ಬಂದರು.

ವೈರಿನ ಮಾತೇಕೆ ಎಂದರೆ, ಜಗಳದ ಮೂಲ ಅಲ್ಲಿದೆ.

ಹಟ್ಟಿಯಲ್ಲಿದ್ದಾಗಲೇ ನಾನು ಒಂದು ಸರೌಂಡ್ ಸೌಂಡ್ ವ್ಯವಸ್ಥೆ ಕೊಂಡಿದ್ದೆ. ಒಂದು ಆಂಪ್ಲಿಫೈಯರು, ಐದು ಸ್ಪೀಕರು, ಒಂದು ದಪ್ಪ ಧ್ವನಿಯ ಪೆಟ್ಟಿಗೆ. ಇದು ಷೋಕಿಗೆ ಕೊಂಡದ್ದಲ್ಲ. ಇಂಥ ವ್ಯವಸ್ಥೆಯಲ್ಲಿ ಸಂಗೀತ, ಗಾಳಿ, ಗದ್ದಲ ಎಲ್ಲ ಅಕ್ಕಪಕ್ಕದ ಸ್ಪೀಕರುಗಳಿಗೆ ಹಂಚಿಹೋಗುತ್ತವೆ. ಮನುಷ್ಯರ ಮಾತು ಮಾತ್ರ ಬಹುಪಾಲು ನಡುವಿನ ಸ್ಪೀಕರಿಗೆ ಬರುತ್ತದೆ. ಒಂದೇ ಕಿವಿಯವನಿಗೆ ಗದ್ದಲದೊಳಗಿಂದ ಮಾತನ್ನು ಆರಿಸಿಕೊಳ್ಳುವುದು ಕಷ್ಟ. ಶಬ್ದ ಯಾವ ದಿಕ್ಕಿನಿಂದ ಬರುತ್ತಿದೆ ಎಂಬುದೂ ಅವನಿಗೆ ತಿಳಿಯುವುದಿಲ್ಲ, ಅದಕ್ಕೆ ಎರಡೂ ಕಿವಿ ಬೇಕು. ಹಾಗಾಗಿ ನಾನು ನಡುವಿನ ಸ್ಪೀಕರನ್ನು ಟಿವಿಯ ಕೆಳಗಿಡದೆ, ನನ್ನ ಕುರ್ಚಿಯ ಬಲಕ್ಕೆ ಒಂದು ಸ್ಟೂಲಿನ ಮೇಲೆ, ನನ್ನ ಬಲಗಿವಿಗೆ ಎದುರಾಗಿ ಇಟ್ಟುಕೊಂಡೆ. ಅದೂ ಒಬ್ಬ ಅತಿಥಿಯಂತೆ ‘ಯಾವ ಕಡೆ’ ಎಂದು ಕೇಳಿ ಕುಳಿತ ಹಾಗೆ. ನಿವೃತ್ತಿಯಾಗಿ ಮಸ್ಕಿಗೆ ಬಂದ ಮೇಲೂ ಅದೇ ಕುರ್ಚಿ, ಅದೇ ಸ್ಟೂಲು.

ಇತ್ತೀಚೆಗೆ ಹಳೆಯ ಡಿವಿಡಿ ಪ್ಲೇಯರು ಕೆಟ್ಟಿತು. ರಾಯಚೂರಿನ ಬ್ಯಾಂಕಿನಲ್ಲಿರುವ ಮಗಳು ಭಾರತಿ ಹೊಸ ಬ್ಲೂ-ರೇ ಪ್ಲೇಯರೊಂದನ್ನು, ಜೊತೆಗೆ ಸಮುದ್ರದ ಜೀವಿಗಳ ಬಗೆಗಿನ ಇಂಗ್ಲಿಷ್ ಸಾಕ್ಷ್ಯಚಿತ್ರದ ಡಿಸ್ಕುಗಳನ್ನು ಕಳಿಸಿದಳು. ಜೋಡಿಸಲು ಶಿವಪ್ರಸಾದ ಲಿಂಗಸುಗೂರಿನ ಅಂಗಡಿಯೊಂದರಿಂದ ವೀರೇಶ ಎಂಬ ಮೆಕ್ಯಾನಿಕ್ಕನನ್ನು ಕರೆಸಿದ.

ವೀರೇಶ ನನ್ನ ಆಂಪ್ಲಿಫೈಯರಿನ ಹಿಂಭಾಗವನ್ನು ನೋಡಿ ನಾಲಗೆಯಿಂದ ಚ್ ಚ್ ಎಂದ, ಸತ್ತವರ ಮನೆಯಲ್ಲಿ ಎನ್ನುವ ಹಾಗೆ.

“ಸರ್, ಇದು ನಮ್ಮಪ್ಪನ ಜಮಾನಾದ್ದು. ಇದರಾಗ ಹೊಸಾ ಕೇಬಲ್ಲಿನ ಪಾಯಿಂಟೇ ಇಲ್ಲ. ಹಳೇ ಪ್ಲೇಯರಿಗೆ ಆರು ವೈರ್ ಇದ್ವು, ಹೊಸದ್ರಾಗ ಆ ಆರು ತೂತೂ ಇಲ್ಲ.”

“ಮತ್ತ ಹೆಂಗ?”

“ಟಿವಿಗೆ ಒಂದು ಹಾಕ್ತೀನಿ, ಟಿವಿಯಿಂದ ಇದಕ್ಕ ಎರಡು ಎಳಿತೀನಿ. ಸೌಂಡ್ ಬರ್ತೈತಿ.”

“ಐದರಾಗೂ ಬರ್ತೈತೇನು?”

“ಐದರಾಗೂ ಬರ್ತೈತ್ರಿ, ಯಾಕ ಫಿಕರ್ ಮಾಡ್ತೀರಿ? ಈಗ ಕೇಳ್ರಿ.” ಅವನು ಆಂಪ್ಲಿಫೈಯರಿನ ಪರೀಕ್ಷಾ ಗುಂಡಿ ಒತ್ತಿದ. ಕೋಣೆಯಲ್ಲಿ ಒಂದೊಂದೇ ಸ್ಪೀಕರು ಮರಳು ಸುರಿದಂತೆ ‘ಶ್‌ಶ್’ ಎಂದಿತು. ನನ್ನ ಪಕ್ಕದ್ದೂ ಎಂದಿತು. “ಬರೋಬ್ಬರಿ ಐತಿ ನೋಡ್ರಿ. ಆದ್ರ ಸರ್, ಇದನ್ನ ಹಿಂಗ ಸ್ಟೂಲಿನ ಮ್ಯಾಗ ಯಾರೂ ಇಡಂಗಿಲ್ಲ.”

“ನಾನ್ ಇಡ್ತೀನಿ,” ಎಂದೆ.

ಅಂದು ಸಂಜೆಯಿಂದಲೇ ಕಷ್ಟ ಶುರುವಾಯಿತು. ಚಿತ್ರ ಅದ್ಭುತವಾಗಿತ್ತು; ಆಕ್ಟೋಪಸ್ಸಿನ ಚರ್ಮದ ಒಂದೊಂದು ಚುಕ್ಕೆ ಬಣ್ಣ ಬದಲಿಸುವುದು ಕಾಣುತ್ತಿತ್ತು. ಅಲೆಗಳು ಕೇಳಿಸಿದವು, ವಾದ್ಯಗಳು ಕೇಳಿಸಿದವು. ವಿವರಣೆ ಹೇಳುವವನ ಮಾತು ಮಾತ್ರ ಆ ನೀರಿನಲ್ಲಿ ಮುಳುಗಿಹೋಗುತ್ತಿತ್ತು. ಯಾರೋ ಮಾತಾಡುತ್ತಿದ್ದಾರೆ ಎಂದು ತಿಳಿಯುತ್ತಿತ್ತು, ಏನೆಂದು ತಿಳಿಯುತ್ತಿರಲಿಲ್ಲ. “ಏನಂದ ಈಗ?” ಎಂದು ಶಿವಪ್ರಸಾದನನ್ನು ಕೇಳಿದೆ. ಹೇಳಿದ. ಮತ್ತೆ ಕೇಳಿದೆ. ಮತ್ತೆ ಹೇಳಿದ. ಮರುದಿನ ಕೇಳಿದಾಗ ಮೊಬೈಲಿನಿಂದ ಕಣ್ಣೆತ್ತದೆ, “ನಮಗೆಲ್ಲಾ ಕೇಳಾಕತ್ತೈತಲ್ಲಪ್ಪಾ” ಎಂದ.

ಆಗ ನನಗೂ ಅನುಮಾನ ಹತ್ತಿತ್ತು. ನರ ಸೋತಾಗ ಶಬ್ದ ಕೇಳಿಸುತ್ತದೆ, ಆದರೆ ಮಾತು ಬಿಡಿಬಿಡಿಯಾಗಿ ತಿಳಿಯುವುದಿಲ್ಲ. ಇದನ್ನು ನಾನು ಓದಿ ಬಲ್ಲೆ, ಜೊತೆಯವರಲ್ಲಿ ಕಂಡೂ ಬಲ್ಲೆ. ಸ್ಪೀಕರು ಸರಿಯಾಗಿದೆ ಎಂದು ಆ ‘ಶ್‌ಶ್’ ತೋರಿಸಿಕೊಟ್ಟಿತ್ತು. ಉಳಿದದ್ದು ನನ್ನ ಕಿವಿಯೊಂದೇ.

ಕೀಲಿ ಹೋದದ್ದು ಈ ಹಂತದಲ್ಲಿ.

ಆಮೇಲೆ ಮನೆಯಲ್ಲಿ ಎಲ್ಲರೂ ನನ್ನೊಂದಿಗೆ ಕೂಗಿಯೇ ಮಾತಾಡತೊಡಗಿದರು. “ಚಹಾ ಕುಡಿತೀರೇನೂ!” ಎಂದು ಬಸ್ಸಮ್ಮ ಕೂಗುವಳು. ಫೋನಿನಲ್ಲಿ ಭಾರತಿ ಕೂಗುವಳು. ಹಾಲಿನವನಿಗೂ ಸುದ್ದಿ ಮುಟ್ಟಿ ಅವನೂ ಕೂಗಿದ. ಎಲ್ಲರೂ ಕೂಗುವಾಗ ನನಗೆ ಕೇಳಿಸುತ್ತಿದೆಯೋ ಇಲ್ಲವೋ ಎಂದು ನಾನು ಯಾವುದರಿಂದ ಅಳೆಯಲಿ? ಪರೀಕ್ಷಿಸುವ ದಾರಿಯನ್ನೇ ಮುಚ್ಚಿ ಫಲಿತಾಂಶವನ್ನು ಕೈಗಿಟ್ಟಿದ್ದರು. ಇದಕ್ಕಿಂತ ಕೆಟ್ಟ ಪ್ರಯೋಗವನ್ನು ನಾನು ನನ್ನ ಸರ್ವಿಸಿನಲ್ಲಿ ನೋಡಿಲ್ಲ. ಸೊಸೆ ಉಮಾದೇವಿ ಹೆರಿಗೆಗೆ ಸಾಲಗುಂದದ ತವರಿಗೆ ಹೋಗಿದ್ದಳು. “ನಾಳೆ ಕೂಸು ಅತ್ರ ನಿಮಗ ಕೇಳಬೇಕಲ್ಲಪ್ಪಾ” ಎಂದು ಮಗ ಒಮ್ಮೆ ಅಂದಾಗ ನಾನು ಊಟದ ತಟ್ಟೆ ಬಿಟ್ಟು ಎದ್ದೆ.

ಸಂಕಟ ಹೇಳಿಕೊಳ್ಳಲು ಇದ್ದವನು ಅಮೀನ್‌ಸಾಬ್. ಗಣಿಯಲ್ಲಿ ಡ್ರಿಲ್ ಹೊಡೆದು ಎರಡೂ ಕಿವಿ ಕಳೆದುಕೊಂಡ, ನಮ್ಮ ಓಣಿಯ ಕೊನೆಯ ಮನೆಯ ಗೆಳೆಯ. ಅವನೊಂದಿಗೆ ಕೂಗಿಯೇ ಮಾತಾಡಬೇಕು, ಅವನೂ ಕೂಗಿಯೇ ಮಾತಾಡುತ್ತಾನೆ.

“ಏ ಅಂಬಪ್ಪಾ, ನೀನೂ ಕಿವುಡ ಆದ್ರ ಹೆಂಗಲೇ? ಮಂದಿ ಏನ್ ಮಾತಾಡಾಕತ್ತಾರಂತ ನನಗ ಹೇಳೋರು ಯಾರು?”

“ನಾ ಕಿವುಡ ಆಗಿಲ್ಲೋ!”

“ಆಂ?”

“ಕಿವುಡ ಆಗಿಲ್ಲ!”

“ಹೌದು ಹೌದು, ನಾನೂ ಮೊದಲು ಹಂಗ ಅಂತಿದ್ದೆ,” ಎಂದು ಅವನು ನನ್ನ ತೊಡೆ ತಟ್ಟಿದ.

ಶನಿವಾರ ಮಧ್ಯಾಹ್ನ ನಾನು ಪಡಸಾಲೆಯ ಮಂಚದ ಮೇಲೆ ಎಡಗಿವಿಯನ್ನು ದಿಂಬಿಗೊತ್ತಿ ಮಲಗಿದ್ದೆ. ಬಲಗಿವಿ ಮೇಲಕ್ಕಿತ್ತು. ತಲೆಯ ಬಳಿಯೇ ಅಡುಗೆಮನೆಯ ಕಿಟಕಿ. ಒಳಗೆ ಒಗ್ಗರಣೆ ಸಿಡಿಯುತ್ತಿತ್ತು. ಆ ಸದ್ದಿನ ನಡುವೆ ಮಗ ತಾಯಿಗೆ ಹೇಳುತ್ತಿದ್ದ ದನಿ, ತೀರ ತಗ್ಗಿದ ದನಿ.

“ನಾಳೆ ವೀರೇಶ ಟಿವಿ ಕೆಳಗ ಇಡೂ ಸೌಂಡ್‌ಬಾರ್ ತಗೊಂಡು ಬರ್ತಾನಬೇ. ಹಳೇದೆಲ್ಲಾ ಎಕ್ಸ್‌ಚೇಂಜಿಗೆ ಒಯ್ತಾನ. ಸೋಮವಾರ ಸಿಂಧನೂರಿಗೆ ಕರಕೊಂಡು ಹೋಗಿ ಕಿವಿಗೆ ಮಶೀನ್ ಹಾಕಿಸಿದ್ರಾತು.”

“ಗಾಡಿ?”

“ನಮ್ಮ ಆಫೀಸಿನಾಗ ಲಾಲ್‌ಸಾಬ್ ಕೇಳಾಕತ್ತಾನ. ಕೊಟ್ಟುಬಿಡೂಣು.”

“ಅವರಿಗೆ ಗೊತ್ತಾದ್ರ ಮನಿ ಹಾರಿಸ್ತಾರ.”

“ಗೊತ್ತಾಗೂದು ಹೆಂಗ? ಕೇಳಂಗಿಲ್ಲಲ್ಲ.”

ನಾನು ಅಲುಗಾಡದೆ ಬಿದ್ದುಕೊಂಡಿದ್ದೆ. ಮೈಯೆಲ್ಲ ಉರಿಯುತ್ತಿತ್ತು, ಆ ಉರಿಯೊಳಗೆ ಒಂದು ಸಂತೋಷವೂ ಇತ್ತು. ಸಾಸಿವೆ ಸಿಡಿಯುವ ಸದ್ದಿನಲ್ಲಿ ಪಿಸುಮಾತು ಕೇಳಿಸಿದವನ ಕಿವಿ ಸತ್ತಿಲ್ಲ. ಎದ್ದು ಅಡುಗೆಮನೆಗೆ ಹೋಗಿ ಅವರಿಬ್ಬರ ಮಾತನ್ನು ಸೌಂಡ್‌ಬಾರಿನಿಂದ ಲಾಲ್‌ಸಾಬನವರೆಗೆ ಅವರೆದುರೇ ಒಪ್ಪಿಸಿದೆ.

ಮಗ ತಬ್ಬಿಬ್ಬಾದ. ಬಸ್ಸಮ್ಮ ಆಗಲಿಲ್ಲ. ಸವಟು ಹಿಡಿದೇ ನಕ್ಕಳು.

“ನೋಡಿದೇನೋ? ನಿಮ್ಮಪ್ಪಗ ಬೇಕಾದ್ದು ಅಷ್ಟ ಕೇಳ್ತೈತಿ. ಕಿರಾಣಿ ಸಾಮಾನು ತರ್ರಿ ಅಂದ್ರ ಕೇಳಂಗಿಲ್ಲ, ಗಾಡಿ ಅಂದ್ರ ಗ್ವಾಡಿ ಆಚೆ ಇದ್ರೂ ಕೇಳ್ತೈತಿ.”

ಮಗನೂ ನಕ್ಕ. ನನ್ನ ಬಳಿಯಿದ್ದ ಒಂದೇ ಸಾಕ್ಷ್ಯವನ್ನು ತಮಾಷೆ ಮಾಡಿ ಒಲೆಗೆ ಹಾಕಿದರು. ನಾನು ಕಿರುಚಬಹುದಿತ್ತು. ಅಷ್ಟರಲ್ಲಿ ಶಿವಪ್ರಸಾದ, ಈ ಸಲ ಕೂಗದೆ, ಒಂದು ಮಾತು ಕೇಳಿದ.

“ಹಂಗಾದ್ರ ಅಪ್ಪಾ, ಟಿವಿ ಯಾಕ ಕೇಳಂಗಿಲ್ಲ ಹೇಳ್ರಿ.”

ಅಷ್ಟೂ ದಿನಗಳಲ್ಲಿ ಆ ಮನೆಯಲ್ಲಿ ಯಾರಾದರೂ ಕೇಳಿದ ನ್ಯಾಯವಾದ ಪ್ರಶ್ನೆ ಅದೊಂದೇ. ನಾನು ಹೋಗಿ ನನ್ನ ಕುರ್ಚಿಯಲ್ಲಿ ಕುಳಿತೆ.

ಕಿವಿ ಸರಿಯಿದ್ದರೆ ತಪ್ಪು ಬೇರೆಡೆ ಇರಬೇಕು. ವೀರೇಶನ ‘ಶ್‌ಶ್’ ಎಲ್ಲಿ ಹುಟ್ಟಿತು? ಆಂಪ್ಲಿಫೈಯರಿನ ಹೊಟ್ಟೆಯಲ್ಲೇ ಹುಟ್ಟಿ ಸ್ಪೀಕರಿಗೆ ಹೋಯಿತು. ಪ್ಲೇಯರಿನಿಂದ ಬರುವ ಹೊಸ ದಾರಿಯಲ್ಲಿ ಅದು ನಡೆದು ಬಂದದ್ದೇ ಅಲ್ಲ! ತಕ್ಕಡಿಯಲ್ಲಿ ಗೊತ್ತಿರುವ ತೂಕದ ಬಟ್ಟನ್ನಿಟ್ಟು ನೋಡಿದರೆ ತಕ್ಕಡಿ ಸರಿ ಎಂದಾಗುತ್ತದೆ. ಗಣಿಯಿಂದ ಹೊರಟ ಅದಿರು ತಕ್ಕಡಿಯವರೆಗೆ ಬಂದಿದೆಯೋ, ದಾರಿಯಲ್ಲೇ ಚೆಲ್ಲಿಹೋಗಿದೆಯೋ ಎಂಬುದನ್ನು ಅದು ಹೇಳುವುದಿಲ್ಲ. ಸ್ಟೂಲಿನ ಮೇಲಿನ ಸ್ಪೀಕರು ಡಿಸ್ಕು ಓಡುವಾಗ ಮಾತಾಡುತ್ತಿದೆಯೇ ಎಂದು ಯಾರೂ ನೋಡಿಲ್ಲ. ಒಂದೇ ಕಿವಿಯ ನನಗೆ ಶಬ್ದ ಯಾವ ಪೆಟ್ಟಿಗೆಯಿಂದ ಬರುತ್ತಿದೆಯೆಂದು ತಿಳಿಯುವುದು ಸಾಧ್ಯವಿಲ್ಲ.

ಕಿವಿಯೇ ಆರೋಪಿಯಾಗಿರುವಾಗ ಕಿವಿಯ ಸಾಕ್ಷಿ ನಡೆಯದು. ಕಣ್ಣಿನ ಸಾಕ್ಷಿ ಬೇಕು.

ಉಗ್ರಾಣದಿಂದ ನಮ್ಮ ಹೊಲದ ಬಿಳಿಜೋಳ ಒಂದು ಮುಷ್ಟಿ ತಂದೆ. ಸ್ಪೀಕರಿನ ಮುಂದಿನ ಬಟ್ಟೆಯ ಚೌಕಟ್ಟನ್ನು ಕಿತ್ತು, ಸ್ಪೀಕರನ್ನು ಸ್ಟೂಲಿನ ಮೇಲೆ ಅಂಗಾತ ಮಲಗಿಸಿ, ಕಪ್ಪು ಕಾಗದದ ತಟ್ಟೆಯಂಥ ಅದರ ಬಾಯಿಗೆ ಕಾಳು ಸುರಿದೆ. ಪರೀಕ್ಷಾ ಗುಂಡಿ ಒತ್ತಿದೆ. ‘ಶ್‌ಶ್’ ಎಂದಾಗ ಕಾಳುಗಳು ಬಾಣಲೆಯಲ್ಲಿ ಹುರಿದ ಹಾಗೆ ನಡುಗಿ ಮಗುಚಿಕೊಂಡವು. ನಿಲ್ಲಿಸಿ, ಡಿಸ್ಕು ಹಾಕಿದೆ. ಅಲೆ ಅಬ್ಬರಿಸಿತು, ತಿಮಿಂಗಿಲ ಮೇಲೆದ್ದಿತು, ವಿವರಣೆ ಹೇಳುವ ಆ ಮನುಷ್ಯ ಏನೋ ಹೇಳುತ್ತಲೇ ಇದ್ದ.

ಕಾಳು ಕದಲಲಿಲ್ಲ. ಒಂದೂ ಕದಲಲಿಲ್ಲ.

ಬೆರಳ ತುದಿಯನ್ನು ಆ ಕಾಗದಕ್ಕೆ ಮುಟ್ಟಿಸಿದೆ. ಸತ್ತಿತ್ತು. ಇಷ್ಟು ದಿನ ನನ್ನ ಬಲಗಿವಿಯ ಪಕ್ಕ ಒಂದು ಹೆಣವನ್ನು ಕೂರಿಸಿಟ್ಟು, ಮಾತು ಕೇಳಿಸುತ್ತಿಲ್ಲವೆಂದರೆ ಕಿವಿ ಹೋಗಿದೆ ಎಂದಿದ್ದರು! ಟಿವಿಯಿಂದ ಎಳೆದ ಎರಡು ವೈರುಗಳಲ್ಲಿ ಬರುವುದು ಎಡ ಮತ್ತು ಬಲ, ಎರಡೇ ದಾರಿಯ ಶಬ್ದ. ಮಾತು, ಗದ್ದಲ, ಸಂಗೀತ ಎಲ್ಲವನ್ನೂ ಅದರಲ್ಲೇ ಕಲಸಿ ಕೋಣೆಯ ಆ ತುದಿಯ ಎರಡು ಸ್ಪೀಕರಿಗೆ ಕೊಟ್ಟಿದ್ದ ವೀರೇಶ. ಎರಡು ಕಿವಿಯವರಿಗೆ ಅದು ಸಾಕಾಗಿತ್ತು.

ಬಚ್ಚಲಿನ ಕನ್ನಡಿ ತಂದು ಪ್ಲೇಯರಿನ ಬೆನ್ನಿಗೆ ಹಿಡಿದೆ. ಮೂಲೆಯಲ್ಲಿ ಕಿತ್ತಳೆ ಬಣ್ಣದ ಒಂದು ಒಂಟಿ ತೂತು. ಆಂಪ್ಲಿಫೈಯರಿನ ಬೆನ್ನಲ್ಲೂ, ಧೂಳಿನ ಕೆಳಗೆ, ಅದೇ ಬಣ್ಣದ ತೂತು. ಹಳೆಯ ಪ್ಲೇಯರಿಗೆ ಆರು ವೈರುಗಳಿದ್ದುದರಿಂದ ಅದನ್ನು ಎಂದೂ ಬಳಸಿರಲಿಲ್ಲ. ಆರೂ ದಾರಿಯ ಶಬ್ದವನ್ನು ಅಂಕಿಗಳಾಗಿ ಕಟ್ಟಿ ಒಂದೇ ವೈರಿನಲ್ಲಿ ಕಳಿಸುವ ದಾರಿ ಅದು. ಎರಡು ತೂತುಗಳೂ ವೀರೇಶನ ಕಣ್ಣೆದುರೇ ಇದ್ದವು. ಅವನ ಕಣ್ಣು ಎಕ್ಸ್‌ಚೇಂಜಿನ ಮೇಲಿತ್ತು.

ವೈರು ಹುಡುಕಲು ಏಳುವಷ್ಟರಲ್ಲಿ ಕರೆಂಟು ಹೋಯಿತು. ಅದು ಬಂದದ್ದು ಭಾನುವಾರ ಬೆಳಗಾದ ಮೇಲೆ, ವೀರೇಶ ಟಂಟಂ ಗಾಡಿಯಲ್ಲಿ ಸೌಂಡ್‌ಬಾರಿನ ಉದ್ದನೆಯ ಡಬ್ಬಿಯೊಂದಿಗೆ ಬಂದಿಳಿದಾಗ.

ನಾನು ಅಮೀನ್‌ಸಾಬನನ್ನೂ ಕರೆಸಿದ್ದೆ. ಅವನು ಸ್ಟೂಲಿನ ಪಕ್ಕ ಕುಕ್ಕರಗಾಲಲ್ಲಿ ಕುಳಿತು ಕಾಳು ಕಾಯತೊಡಗಿದ.

“ಏನ್ ಸರ್ ಇದು, ಸ್ಪೀಕರಿನಾಗ ಜ್ವಾಳಾ ಬಿತ್ತೀರೇನು?” ಎಂದ ವೀರೇಶ.

“ನಿನ್ನ ಕೆಲಸ ಪಾಸ್ ಆಗೈತೋ ಇಲ್ಲೋ ನೋಡಾಕತ್ತೀನಿ. ಕುಂದ್ರು.”

ಮೊದಲು ‘ಶ್‌ಶ್’. ಕಾಳು ಕುಣಿದವು. “ಎದ್ದಾವ!” ಎಂದು ಅಮೀನ್‌ಸಾಬ್ ಕೂಗಿದ. ಆಮೇಲೆ ಡಿಸ್ಕು. ಅಮೀನ್‌ಸಾಬ್ ಬಗ್ಗಿ, ಇನ್ನೂ ಬಗ್ಗಿ ನೋಡಿ, ಕೈಯಾಡಿಸಿದ. “ಮಲಗ್ಯಾವ. ಖಾಲಿ ಮಲಗ್ಯಾವ.”

ಶಿವಪ್ರಸಾದ ಮೊಬೈಲನ್ನು ಜೇಬಿಗಿಟ್ಟು ಹತ್ತಿರ ಬಂದ. ತಂದೆಯ ಕಿವಿಯ ಬಗ್ಗೆ ತೀರ್ಪು ಕೊಟ್ಟವನು ಆ ಸ್ಪೀಕರಿನ ಬಳಿ ಬಂದದ್ದು ಅದೇ ಮೊದಲು.

“ಆಂಪ್ಲಿಫೈಯರ್ ಹಳೇದ್ರಿ ಸರ್,” ಎಂದ ವೀರೇಶ. “ಹೊಸ ಡಿಸ್ಕಿನ ಸೌಂಡ್ ಅದಕ್ಕ ತಿಳಿಯಂಗಿಲ್ಲ. ಅದಕ್ಕ ಹೇಳಿದ್ದು, ಬೇಕಾರ್ ಸಾಮಾನು, ಕೊಟ್ಟುಬಿಡ್ರಿ ಅಂತ.”

“ಹೊಸ ಡಿಸ್ಕಿನ ಸೌಂಡಿನ ಜೊತೆ ಹಳೇ ಮಶೀನಿಗೆ ತಿಳಿಯೂ ಅಂಥಾದೂ ಇಟ್ಟಿರ್ತಾರ. ಡಿಸ್ಕಿನ ಡಬ್ಬಿ ಮ್ಯಾಗ ಬರದೈತಿ, ಓದು.”

ಅವನು ಓದಲಿಲ್ಲ. ಹಳೆಯ ಪ್ಲೇಯರಿನ ವೈರುಗಳನ್ನು ಅವನು ಅಂದು ಗಂಟು ಕಟ್ಟಿ ಮೂಲೆಗೆಸೆದಿದ್ದ. ಆ ಗಂಟಿನಿಂದ ಹಳದಿ ತುದಿಯ ವೀಡಿಯೊ ವೈರನ್ನು ಬಿಡಿಸಿದೆ. ಈ ಅಂಕಿಗಳನ್ನು ಹೊರಲು ಅದು ಸಾಕು. ಅದು ಕಿತ್ತಳೆಯಿಂದ ಕಿತ್ತಳೆಗೆ ಹೋಯಿತು. ಆಂಪ್ಲಿಫೈಯರಿನಲ್ಲಿ ಆ ದಾರಿಯನ್ನು ಆರಿಸಿ ಡಿಸ್ಕು ಶುರು ಮಾಡಿದೆ.

“ಮಲಗ್ಯಾವ,” ಎಂದ ಅಮೀನ್‌ಸಾಬ್.

ಬಸ್ಸಮ್ಮ ಬಾಗಿಲಲ್ಲಿ ನಿಟ್ಟುಸಿರಿಟ್ಟಳು. ವೀರೇಶ ಎದ್ದು ಆಂಪ್ಲಿಫೈಯರಿನ ಎರಡೂ ಬದಿಗೆ ಕೈ ಹಾಕಿದ. “ಎತ್ತಲಿ ಏನ್ರಿ ಶಿವಪ್ರಸಾದಣ್ಣಾ?”

ಶಬ್ದ ಬರುತ್ತಿದೆ, ಹಾಗಾದರೆ ವೈರು ಸರಿ. ಆದರೂ ಕಾಳು ಏಳುತ್ತಿಲ್ಲ, ಅಂದರೆ ಕಳಿಸುವವನೇ ಎರಡಾಗಿ ಕಳಿಸುತ್ತಿದ್ದಾನೆ. ಪ್ಲೇಯರಿನ ಸೆಟಿಂಗ್ಸಿಗೆ ಹೋದೆ. ಆಡಿಯೊ ಎಂಬಲ್ಲಿ ಡಿಜಿಟಲ್ ಔಟ್‌ಪುಟ್. ಅದರೆದುರು ಪಿಸಿಎಂ ಎಂದಿತ್ತು, ಅಂದರೆ ಪ್ಲೇಯರೇ ಎಲ್ಲವನ್ನೂ ಕಲಸಿ ಎರಡು ಮಾಡಿ ಕೊಡುವುದು. ಅದರ ಕೆಳಗೆ ಇನ್ನೊಂದು ಆಯ್ಕೆ ಇತ್ತು, ಬಿಟ್‌ಸ್ಟ್ರೀಮ್. ಬಿಚ್ಚದೆ, ಕಲಸದೆ, ಇದ್ದ ಹಾಗೆ ಕಳಿಸುವುದು.

“ಕೈ ತಗಿ,” ಎಂದು ವೀರೇಶನಿಗೆ ಹೇಳಿ ಅದನ್ನು ಒತ್ತಿದೆ.

ಆಂಪ್ಲಿಫೈಯರಿನ ಮುಖದಲ್ಲಿ ಅಷ್ಟು ದಿನ ಆರಿದ್ದ ಸಣ್ಣ ದೀಪ ಹೊತ್ತಿಕೊಂಡಿತು. ಶಿವಪ್ರಸಾದ ತಿರುಗಿ ಬೆನ್ನ ಹಿಂದಿನ ಸ್ಪೀಕರುಗಳನ್ನು ನೋಡಿದ, ಅಲೆಗಳ ಸದ್ದು ಅಲ್ಲಿಗೂ ಹರಡಿತ್ತು. ಕಾಳು ಮಲಗಿಯೇ ಇದ್ದವು. ಆಮೇಲೆ ಆ ಮನುಷ್ಯ ಬಾಯಿ ತೆರೆದ.

“ಎದ್ದಾವ!” ಅಮೀನ್‌ಸಾಬ್ ಕೂಗಿದ್ದು ಮಸ್ಕಿಯ ಗುಡ್ಡಕ್ಕೂ ಕೇಳಿಸಿರಬೇಕು. “ಎದ್ದಾವಲೇ ಅಂಬಪ್ಪಾ! ಸುಮ್ಮನಾದ, ಮಲಗಿದ್ವು. ಮಾತಾಡಿದ, ಎದ್ದಾವ ನೋಡು!”

ಮಾತಿಗೊಮ್ಮೆ ಕಾಳು ಎದ್ದು, ಮೌನಕ್ಕೊಮ್ಮೆ ಕುಳಿತವು. ಕೆಲವು ಹಾರಿ ಗಚ್ಚಿನ ಮೇಲೆ ಬಿದ್ದವು. ನಾನು ಸ್ಪೀಕರನ್ನು ಎತ್ತಿ, ಉಳಿದ ಕಾಳನ್ನು ಕರ್ಚೀಫಿಗೆ ಸುರಿದು, ಅದನ್ನು ಮೊದಲಿನಂತೆ ನಿಲ್ಲಿಸಿ ಕುಳಿತೆ. ಅವನು ನನ್ನ ಬಲಗಿವಿಯಲ್ಲಿ ಹೇಳುತ್ತಿದ್ದ: ಈ ಆಳದಲ್ಲಿ ಬೆಳಕಿಲ್ಲ, ಇಲ್ಲಿನ ಜೀವಿಗಳು ತಮ್ಮ ಬೆಳಕನ್ನು ತಾವೇ ಮಾಡಿಕೊಳ್ಳುತ್ತವೆ. ಮುಂದಿನದನ್ನೂ ಹೇಳಿದ. ಒಂದೊಂದು ವಾಕ್ಯವನ್ನೂ ನಾನು ಕನ್ನಡದಲ್ಲಿ ಬಸ್ಸಮ್ಮನಿಗೆ ಹೇಳುತ್ತ ಹೋದೆ. ಯಾರೂ ಕೂಗಲಿಲ್ಲ.

“ನಾವು ಕನೆಕ್ಷನ್ ಅಷ್ಟ ಕೊಡೋದ್ರಿ,” ಎಂದ ವೀರೇಶ, ಡಬ್ಬಿಯನ್ನು ಮತ್ತೆ ಬಗಲಿಗೇರಿಸುತ್ತ. “ಸೆಟಿಂಗ್ ನಮಗ ಬರಂಗಿಲ್ಲ.”

“ಐದರಾಗೂ ಬರ್ತೈತಿ ಅಂದಿದ್ದಿಯಲ್ಲಾ ನೀನು?”

“ಶ್‌ಶ್ ಅಂತ ಬಂದಿತ್ತಲ್ರೀ.”

ಒಬ್ಬ ಮನುಷ್ಯನ ಕಿವಿಯನ್ನು ಕಿತ್ತುಕೊಂಡು ಹೋದವನು ಅಷ್ಟನ್ನೇ ಹೇಳಿ ಟಂಟಂ ಹತ್ತಿದ. ಮಗ ಅವನನ್ನು ಬಾಗಿಲವರೆಗೆ ಬಿಟ್ಟು ಬಂದು ಸೋಫಾದ ಕೈಗೆ ಒರಗಿ ನಿಂತ.

“ಹೋಗ್ಲಿ ಬಿಡ್ರಿ ಅಪ್ಪಾ. ಸರಿ ಆತಲ್ಲ.”

ಸರಿ ಆತಲ್ಲ! ಓಣಿ ತುಂಬ ಕೂಗಿ ಸಾರಿದ್ದನ್ನು ಈಗ ಇಷ್ಟು ಮೆಲ್ಲಗೆ ಮುಗಿಸುತ್ತಿದ್ದ. ಹಾಲಿನವನಿಗೆ ಯಾರು ಹೇಳುತ್ತಾರೆ? ಹುಟ್ಟದ ಕೂಸಿನ ಅಳು ನನಗೆ ಕೇಳಿಸದು ಎಂದ ಮಾತನ್ನು ಯಾರು ವಾಪಸು ತೆಗೆದುಕೊಳ್ಳುತ್ತಾರೆ? ನಾನು ಕೈ ಚಾಚಿದೆ.

“ಕೀಲಿ.”

“ಅದು ಬ್ಯಾರೆ ಅಪ್ಪಾ. ಟಿವಿ ಬ್ಯಾರೆ, ರಸ್ತಾ ಬ್ಯಾರೆ. ಲಾರಿ...”

“ಒಂದ ಕಿವಿ ಇಟ್ಕೊಂಡು ನಾ ಗಾಡಿ ಹೊಡಿಯಾಕತ್ತಿದ್ದು ನೀ ಹುಟ್ಟೂದಕ್ಕಿಂತ ಮೊದಲಿಂದ. ಅದಕ್ಕ ಎರಡೂ ಕಡೆ ಕನ್ನಡಿ ಹಾಕಿಸೀನಿ. ರಸ್ತಾದಾಗ ನನ್ನ ಪರೀಕ್ಷಾ ಮಾಡಿದ್ದೇನು ನೀನು? ಒಂದ ದಿನಾ ಹಿಂದ ಕುಂತು ಬಂದಿದ್ದೇನು?”

ಅವನು ಸೋಫಾದ ಮೇಲಿದ್ದ ತನ್ನ ಬ್ಯಾಗಿನ ಕಡೆ ನೋಡಿದ.

“ಟಿವಿ ನೋಡಿ ಕೀಲಿ ತಗೊಂಡಿ. ಟಿವಿ ನೋಡೇ ಕೊಡು.”

ಅಮೀನ್‌ಸಾಬನಿಗೆ ನಮ್ಮ ಮಾತು ಕೇಳಿಸಿರಲಿಲ್ಲ, ಆದರೆ ಚಾಚಿದ ಕೈ ಕಂಡಿತ್ತು. “ಕೊಡಪ್ಪಾ ಕೊಡು, ಆ ಜ್ವಾಳಾನ ಸಾಕ್ಷಿ ಹೇಳ್ಯಾವ!” ಎಂದು ಕೂಗಿದ. ಕೊನೆಗೆ ಚಲಿಸಿದವಳು ಬಸ್ಸಮ್ಮ. ಮಗನ ಬ್ಯಾಗಿನ ಜಿಪ್ಪು ಎಳೆದು, ಕೀಲಿ ತೆಗೆದು, ಅದನ್ನು ನನ್ನ ಅಂಗೈಯಲ್ಲಿಟ್ಟಳು. ಬಲಬದಿಗೆ ಬಂದು ನಿಂತು, ಎಂದಿನ ದನಿಯಲ್ಲಿ, “ಬರುವಾಗ ಕಿರಾಣಿ ಸಾಮಾನು ತರ್ರಿ. ಕೇಳ್ತೋ ಇಲ್ಲೋ?” ಎಂದಳು.

ಕೇಳಿಸಿತು ಎಂದು ನಾನು ಹೇಳಲಿಲ್ಲ. ಸಿಟ್ಟು ಇನ್ನೂ ಇಳಿದಿರಲಿಲ್ಲ.

ಅಮೀನ್‌ಸಾಬನನ್ನು ಹಿಂದೆ ಕೂರಿಸಿಕೊಂಡು ಸಂತೆಕಲ್ಲೂರಿನ ದಾರಿ ಹಿಡಿದೆ. ಊರು ದಾಟಿದ ಮೇಲೆ ಹಿಂದಿನಿಂದ ಹಾರ್ನ್ ಬಂತು. ಬಲಗನ್ನಡಿಯಲ್ಲಿ ನೋಡಿದೆ, ಭತ್ತ ಹೇರಿದ ಲಾರಿ. ಎಡಕ್ಕೆ ಸರಿದು ರಸ್ತೆಯಂಚಿನ ಮಣ್ಣಿಗಿಳಿದು ದಾರಿ ಬಿಟ್ಟೆ. ಬೇಕಾದಷ್ಟು ಜಾಗವಿತ್ತು. ಆದರೂ ಪಕ್ಕಕ್ಕೆ ಬಂದಾಗ ಕ್ಲೀನರ್ ಬಾಗಿಲಿನಿಂದ ಅರ್ಧ ಹೊರಗೆ ಬಾಗಿದ.

“ಏ ಮುದುಕಾ! ಕಿವುಡ ಅದೀ ಏನಲೇ?”

ಎಂಜಿನ್ನಿನ ಆರ್ಭಟದಲ್ಲೂ ಒಂದಕ್ಷರ ಬಿಡದೆ ಕೇಳಿಸಿತು. ನಾನು ಸ್ಕೂಟರ್ ನಿಲ್ಲಿಸಿ, ಹಟ್ಟಿಯ ಗಿರಣಿಯ ಬಾಯಲ್ಲಿ ಕಲಿತ ದನಿಯಲ್ಲಿ, ಅವನಿಗೂ ಅಷ್ಟೇ ಸ್ಪಷ್ಟವಾಗಿ ಕೇಳಿಸುವ ಹಾಗೆ ಉತ್ತರ ಕೊಟ್ಟೆ.

“ಏನಂದ ಅವ?” ಎಂದು ಅಮೀನ್‌ಸಾಬ್ ನನ್ನ ಬಲ ಭುಜದ ಮೇಲಿಂದ ಬಗ್ಗಿ ಕೇಳಿದ.

ನಾನು ಹೇಳಿದೆ.